ಐದನೆಯ ಚಾಪೆ

ಗಿರಿಜಾ, ನಿನ್ನ ತಾಯಿ ನಿನ್ನನ್ನು ಕೊಡಲಿಲ್ಲ. ನಾನು ತೆಗೆದುಕೊಂಡೆ — ಇಲ್ಲದ ಒಂದು ನಿಯಮದ ಹೆಸರು ಹೇಳಿ.

ಇಷ್ಟು ಬರೆದ ಮೇಲೆ ಉಳಿದದ್ದನ್ನು ಬರೆಯುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗುತ್ತಿಲ್ಲ. ಎಲ್ಲಿಂದ ಹಿಡಿಯಬೇಕು ಎಂಬುದೇ ತಿಳಿಯುತ್ತಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ. ನೀನು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೀಯ, ಹಿಂದಿಯಲ್ಲಿ ಬರೆದಿದ್ದರೆ ನಿನಗೆ ಹಗುರವಾಗುತ್ತಿತ್ತು. ಆದರೆ ಈ ಮಾತು ನಿನ್ನ ತಾಯಿಯ ಭಾಷೆಯಲ್ಲೇ ಇರಲಿ. ನಿಧಾನವಾಗಿ ಓದು. ನಡುವೆ ಸಿಟ್ಟು ಬಂದರೆ ನಿಲ್ಲಿಸು, ಆಮೇಲೆ ಮತ್ತೆ ಓದು.

ಆಗ ನಾನು ಮಠದ ಯಾತ್ರಿಕರ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದೆ. ಹರಿಶ್ಚಂದ್ರ ಘಾಟಿನಿಂದ ಮೇಲೆ ಹತ್ತಿ ಬರುವ ಗಲ್ಲಿ, ಹೊಗೆ ಕುಡಿದು ಕಪ್ಪಾದ ಆ ಹಳೆಯ ಬಾಗಿಲು — ನೀನು ಆಡಿ ಬೆಳೆದ ಜಾಗ, ನಿನಗೆ ನಾನು ಹೇಳಬೇಕಿಲ್ಲ. ಗದಗ, ಬಾಗಲಕೋಟೆ, ಬೀದರ ಕಡೆಯಿಂದ ಜನ ಬರುತ್ತಿದ್ದರು. ನಾನು ಕೀಲಿ ಕೊಡುತ್ತಿದ್ದೆ, ಜೊತೆಗೆ ಚಾಪೆ. ಒಂದು ಕೋಣೆಗೆ ನಾಲ್ಕು ಚಾಪೆ. ಕಂಕುಳ ಕೂಸು ಲೆಕ್ಕಕ್ಕಿಲ್ಲ, ನಡೆಯುವ ಮಗು ಲೆಕ್ಕಕ್ಕುಂಟು. ಐದನೆಯವರಿದ್ದರೆ ಆ ಐದನೆಯವರನ್ನು ಮಾತ್ರ ಹೊರಗಿಡುವುದಲ್ಲ, ಇಡೀ ಸಂಸಾರಕ್ಕೇ ಕೋಣೆ ಇಲ್ಲ. ಎಲ್ಲರೂ ಹಜಾರದಲ್ಲಿ ಮಲಗಬೇಕು, ಇಲ್ಲವೇ ಬೇರೆ ಧರ್ಮಶಾಲೆ ಹುಡುಕಬೇಕು. ಒಬ್ಬರನ್ನು ಬಿಟ್ಟರೆ ಹತ್ತು ಜನ ನುಗ್ಗುತ್ತಾರೆ ಎಂದು ಹಿಂದಿನವರು ಮಾಡಿದ ಕಟ್ಟಳೆ ಅದು. ಒಮ್ಮೆ ಒಬ್ಬ ಮುದುಕಿ ಮೊಮ್ಮಗನ ಕೈ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತು ಅಂದಿದ್ದಳು: "ಒಂದು ಚಾಪಿ ಜಾಸ್ತಿ ಹಾಕಿದ್ರ ಕಾಶೀ ವಿಶ್ವನಾಥ ಎದ್ದು ಹೋಗತಾನೇನೋ ಯಪ್ಪಾ?" ಸುತ್ತ ನಿಂತವರು ನಕ್ಕರು. ನಾನು ನಗಲಿಲ್ಲ. ನಿಯಮ ಅಂದರೆ ನಿಯಮ ಎಂದೆ. ವರ್ಷಗಟ್ಟಲೆ ಹಾಗೆ ಹೇಳಿ ಹೇಳಿ, ಲೋಕದ ನಿಯಮಗಳೆಲ್ಲ ಹೀಗೇ ಇರುತ್ತವೆ ಎಂದು ನಾನು ನಂಬಿಬಿಟ್ಟಿದ್ದೆನೋ ಏನೋ —

ನಿನ್ನ ತಂದೆ ಮಲ್ಲೇಶಪ್ಪ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಇಲ್ಲಿನ ರೈಲ್ವೆ ಕೆಲಸಕ್ಕೆ ಬಂದವನು. ಕ್ವಾರ್ಟರ್ಸ್ ಸಿಗುವವರೆಗೆ ಇರಲು ಮಠದ ಹಿಂದಿನ ಸಾಲಿನಲ್ಲಿ ಕೋಣೆ ಕೊಡಿಸಿದೆ. ಗಂಡ, ಹೆಂಡತಿ, ಶಿವು, ಸುಮಾ — ನಾಲ್ಕು ಚಾಪೆ. ನೀನು ನಿನ್ನ ತಾಯಿ ನೀಲವ್ವನ ಕಂಕುಳಲ್ಲಿದ್ದೆ. ಶಿವುವಿನ ಒಂದು ಕಾಲು ಪೋಲಿಯೋದಿಂದ ಸೊರಗಿತ್ತು. ಅವನನ್ನು ರಿಕ್ಷಾದಲ್ಲೇ ಶಾಲೆಗೆ ಕಳಿಸಬೇಕಿತ್ತು. ಆ ಹುಡುಗ ಓದಿದರೆ ಮಾತ್ರ ಕುಳಿತು ಮಾಡುವ ಕೆಲಸ ಸಿಕ್ಕೀತು, ಇಲ್ಲದಿದ್ದರೆ ಅವನ ಗತಿ ಏನು ಎಂಬುದೊಂದೇ ನಿನ್ನ ತಂದೆಯ ಚಿಂತೆ.

ಆಮೇಲೆ ನೀನು ನಡೆಯಲು ಕಲಿತೆ. ಗೋಡೆ ಹಿಡಿದು ಕಚೇರಿಯ ಹೊಸ್ತಿಲವರೆಗೆ ಬಂದೆ. ನಾನು ನಿಯಮದವನಲ್ಲವೇ — ಮಲ್ಲೇಶಪ್ಪನನ್ನು ಕರೆದು, ಈಗ ನೀವು ಐದು ಜನ ಆದಿರಿ, ಆದರೆ ಕೂಸು ರಾತ್ರಿ ನಮ್ಮ ಕೋಣೆಯಲ್ಲಿ ಮಲಗಿದರೆ ನೀವು ನಾಲ್ಕೇ, ಎಂದೆ. ನಿನ್ನ ತಂದೆ ಕೈ ಮುಗಿದ. ನಮ್ಮ ಮನೆಯಾಕೆ ಶಾಂತವ್ವ ಅದೇ ಸಂಜೆ ತನ್ನ ಹಳೆಯ ಇಳಕಲ್ ಸೀರೆಯನ್ನು ಮಡಚಿ ಮಡಚಿ ನಿನಗೆ ಹಾಸಿಗೆ ಮಾಡಿದಳು. ನಮಗೆ ಮಕ್ಕಳಿರಲಿಲ್ಲ. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಹೇಳದೆ ಬಿಟ್ಟರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ, ಅದಕ್ಕೆ.

ನಿನಗೆ ಮೂರು ತುಂಬಿ ಕೆಲವು ತಿಂಗಳಾಗಿದ್ದಾಗ ಅವರಿಗೆ ಕ್ವಾರ್ಟರ್ಸ್ ಮಂಜೂರಾಯಿತು. ಊರಿನ ಇನ್ನೊಂದು ತುದಿ. ತೊಂಬತ್ತೊಂದೋ ತೊಂಬತ್ತೆರಡೋ, ಈಗ ಖಚಿತವಿಲ್ಲ. ಶಾಂತವ್ವ ನಿನ್ನ ಚಿಕ್ಕ ಲಂಗಗಳನ್ನು ಒಗೆದು ಗಂಟು ಕಟ್ಟಿಟ್ಟಿದ್ದಳು. ಆ ವಾರವೇ ಮಲ್ಲೇಶಪ್ಪ ಒಂದು ಕಾಗದ ಹಿಡಿದುಕೊಂಡು ಬಂದ.

"ಗುರಪ್ಪಣ್ಣ, ಇದೊಂಚೂರು ಓದಿ ಹೇಳ್ರಿ. ಆಫೀಸಿನ್ಯಾಗ ಬಾಬೂನ ಕೇಳಿದೆ. ಪಾನ್ ಉಗುಳಿ ಬರತೀನಿ ಅಂತ ಹ್ವಾದಾಂವ ಹೊಳ್ಳಿ ಬರಲೇ ಇಲ್ಲ."

ಮಕ್ಕಳ ಓದಿಗಾಗಿ ಕೊಡುವ ಭತ್ಯೆಯ ವಿಷಯ. ಆ ಭತ್ಯೆಯ ಮೇಲೆ ತೆರಿಗೆ ಹಿಡಿಯುವುದಿಲ್ಲ, ಎರಡು ಮಕ್ಕಳವರೆಗೆ ಮಾತ್ರ — ಇಷ್ಟೇ ಅದರ ತಿರುಳು. ಅರ್ಧ ಇಂಗ್ಲಿಷು, ಅರ್ಧ ಕಚೇರಿಯ ಹಿಂದಿ. ಅವಲಂಬಿತರು ಯಾರು, ಯಾರ ಹೆಸರು ಬರೆಯಬೇಕು, ತಪ್ಪು ಬರೆದರೆ ಏನು — ನಾನು ಎರಡು ಸಲ ಓದಿದೆ. ಅರ್ಥವಾದಂತೆಯೂ ಇತ್ತು, ಆಗದಂತೆಯೂ ಇತ್ತು. ಗೊತ್ತಿಲ್ಲ ಎಂದು ಹೇಳಬಹುದಿತ್ತು. ತೆರಿಗೆಯ ಕಚೇರಿಗೆ ಮಠದ ಕೆಲಸದ ಮೇಲೆ ನಾನೇ ಹೋಗಿ ಬರುತ್ತಿದ್ದೆ, ಕೇಳಿ ಬರುತ್ತೇನೆ ಎನ್ನಬಹುದಿತ್ತು. ಆದರೆ ಹಿಂದಿನ ಸಾಲಿನ ಜನಕ್ಕೆಲ್ಲ ನಾನೇ ಓದಿದವನು. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಗೆ ಅಭ್ಯಾಸವಿರಲಿಲ್ಲ.

"ಎರಡು ಮಕ್ಕಳಿಗೆ ಅಂತ ಐತಿ" ಎಂದೆ.

"ನಮಗ ಮೂರು ಅದಾವಲ್ರಿ."

"ಅದಕ್ಕ ಹೇಳೂದು. ಮೂರಾದ್ರ ಆ ಮನಿಗೇ ಇಲ್ಲ. ನಾಲ್ಕು ಚಾಪಿ ಕೋಣಿ ಇದ್ದಂಗ."

ಮಲ್ಲೇಶಪ್ಪ ಪೂರ್ತಿ ನಂಬಿದ. ಆ ಉಪಮೆ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲೇ ಅವನು ಬದುಕುತ್ತಿದ್ದ. ಊರಿನ ಗೋಡೆ ಗೋಡೆಯ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದು ಎರಡೇ ಸಾಕು ಎಂದು ಸಾರುತ್ತಿದ್ದ ಕಾಲ. ಮೂರನೆಯ ಮಗು ಸರ್ಕಾರಕ್ಕೆ ಮಾಡಿದ ತಪ್ಪು ಎಂಬಂತೆ ಜನ ಅಳುಕುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನೀಲವ್ವ ಮಾತ್ರ ಅಳುಕಲಿಲ್ಲ.

"ಸರಕಾರಕ್ಕ ನನ್ನ ಹೊಟ್ಟಿ ಲೆಕ್ಕ ಯಾಕ್ರಿ ಅಣ್ಣಾ? ಮೂರನೇದ್ದನ್ನ ಏನು ಹೊಳ್ಳಿ ಹೊಟ್ಯಾಗ ಹಾಕ್ಕೊಳ್ಳಲಿ?"

"ಶಿವೂನ್ನ ಯಾರಿಗರೆ ಕೊಟ್ಟುಬಿಡೋಣೇನ? ತಿನ್ನೂದರಾಗ ಅಂವಾನ ಮುಂದ" ಎಂದು ನಿನ್ನ ತಂದೆ ನಗೆಯಾಡಿದ. ಯಾರೂ ನಗಲಿಲ್ಲ. ಶಿವು ಅಲ್ಲೇ ಕಾಲು ಚಾಚಿ ಕುಳಿತು ಸುಮಾಳ ಪುಸ್ತಕದಲ್ಲಿ ಚಿತ್ರ ನೋಡುತ್ತಿದ್ದ.

ಆಗ ನಾನು ಅಂದೆ. ಈ ಮಾತನ್ನು ಅಂದಂತೆಯೇ ಬರೆಯುತ್ತೇನೆ.

"ಗಿರಿಜಾ ಹೆಸರಿಗೆ ನಮ್ಮ ಮನ್ಯಾಗ ಇರಲಿ ಬಿಡವ್ವಾ. ಈಗೂ ಇಲ್ಲೇ ಮಲಗತಾಳಲ್ಲ. ಹೆಸರಿಗೆ ಅಷ್ಟ."

ನೀಲವ್ವ ನನ್ನ ಮುಖವನ್ನೇ ನೋಡಿದಳು. "ಹೆಸರಿಗೆ ಅಷ್ಟ ಹೌದಲ್ಲರಿ?" ಎಂದು ಕೇಳಿದಳು. ಹೌದು ಎಂದೆ.

ಗಿರಿಜಾ, ಇಲ್ಲಿಗೆ ಬಂದಾಗಲೆಲ್ಲ ನನ್ನ ತಲೆ ಕೆಡುತ್ತದೆ. ಅಂದು ನನಗೆ ನಿಜಕ್ಕೂ ಹಾಗೆ ಅರ್ಥವಾಗಿತ್ತೇ? ಕೋಣೆಯ ಕಟ್ಟಳೆಯನ್ನೇ ಸರ್ಕಾರದ ಕಾಗದದಲ್ಲೂ ಕಂಡೆನೇ? ಹಾಗಿದ್ದರೆ ಅದು ದಡ್ಡತನ. ಅಥವಾ ಮೂಲೆಯಲ್ಲಿದ್ದ ನಿನ್ನ ಲಂಗಗಳ ಗಂಟು ಕಣ್ಣಿಗೆ ಬಿದ್ದು, ಅರ್ಥವನ್ನು ನಾನೇ ಆ ಕಡೆ ಎಳೆದೆನೇ? ಓದುವಾಗ ಮನಸ್ಸಿನಲ್ಲಿ ಏನಿತ್ತು — ನೆನಪು ಮಾಡಿಕೊಂಡಷ್ಟೂ ಅದು ಬದಲಾಗುತ್ತದೆ. ಒಂದು ದಿನ ದಡ್ಡನಾಗಿ ಕಾಣುತ್ತೇನೆ, ಮರುದಿನ ಕಳ್ಳನಾಗಿ. ಇಷ್ಟು ವರ್ಷ ಎರಡರಲ್ಲಿ ಒಂದನ್ನು ಆರಿಸಲು ಹೆಣಗಿದ್ದೇನೆ. ಆಗಿಲ್ಲ.

ಮಲ್ಲೇಶಪ್ಪ ಇಬ್ಬರ ಹೆಸರು ಬರೆದುಕೊಟ್ಟ. ನೀನು ನಮ್ಮಲ್ಲಿ ಉಳಿದೆ. ನೀಲವ್ವ ಪ್ರತಿ ಆಯಿತವಾರ ಬರುತ್ತಿದ್ದಳು. ನಿನ್ನನ್ನು ಕ್ವಾರ್ಟರ್ಸಿಗೂ ಕರೆದುಕೊಂಡು ಹೋಗುತ್ತಿದ್ದಳು, ಆದರೆ ಅಕ್ಕಪಕ್ಕದವರೆಲ್ಲ ಅದೇ ಕೆಲಸದವರು. ಯಾರಾದರೂ ಮೇಲೆ ಹೇಳಿದರೆ? ಅವರ ಮುಂದೆ ಅವ್ವ ಅನಬೇಡ, ಚಿಕ್ಕಮ್ಮನಿಗೆ ಅನ್ನುವ ಹಾಗೆ ಚಾಚಿ ಅನ್ನು — ಇದನ್ನು ನಿನಗೆ ಕಲಿಸಿದವನು ನಾನು. ಆಟದ ಹಾಗೆ ಕಲಿಸಿದೆ. ನೀನು ಬೇಗ ಕಲಿತೆ. ಮೊದಲು ಕ್ವಾರ್ಟರ್ಸಿನಲ್ಲಿ ಮಾತ್ರ ಅನ್ನುತ್ತಿದ್ದೆ. ಆಮೇಲೆ ಮಠದ ಬಾಗಿಲಿಗೆ ಅವಳು ಬಂದಾಗಲೂ "ಚಾಚೀ ಆಯೀ ಹೈ" ಎಂದು ಒಳಗೆ ಓಡಿ ಹೇಳುತ್ತಿದ್ದೆ. ಶಾಂತವ್ವನನ್ನು ಅವ್ವ ಅಂದೆ. ನನ್ನನ್ನು ಅಪ್ಪಾಜಿ ಅಂದೆ. ಅದು ಮೊದಲು ಯಾವ ದಿನ ಎಂದು ಗೊತ್ತಿಲ್ಲ. ನಾನು ತಿದ್ದಲಿಲ್ಲ ಎಂಬುದು ಮಾತ್ರ ಗೊತ್ತು.

ಮರುವರ್ಷ ಬೇಸಿಗೆಯಲ್ಲಿ ಮಠದ ದೇಣಿಗೆಯ ರಸೀದಿಗಳ ವಿಷಯಕ್ಕೆ ತೆರಿಗೆ ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ಒಬ್ಬ ಮೇಷ್ಟ್ರು ನಿಂತಿದ್ದರು, ಅವರದೂ ಇದೇ ಪ್ರಶ್ನೆ. ತಮಗೆ ಮೂವರು ಮಕ್ಕಳು, ಹೀಗಿರುವಾಗ ವಿನಾಯಿತಿ ಸಿಗುತ್ತದೋ ಇಲ್ಲವೋ. ಮೇಜಿನ ಹಿಂದಿದ್ದ ಬಾಬು ತಲೆ ಎತ್ತದೆ, "ದೋ ಕಾ ಮಿಲೇಗಾ, ತೀಸರೇ ಕಾ ನಹೀಂ, ಬಸ್" ಎಂದ. ಇಬ್ಬರಿಗೆ ಸಿಗುತ್ತದೆ, ಮೂರನೆಯದಕ್ಕೆ ಇಲ್ಲ, ಅಷ್ಟೇ. ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಮೂರನೆಯದು ಇರುವುದರಿಂದ ಮೊದಲಿನ ಎರಡಕ್ಕೆ ತೊಂದರೆ ಇಲ್ಲವಷ್ಟೇ, ಎಂದು ಮತ್ತೆ ಕೇಳಿದರು.

ಬಾಬು ಈಗ ತಲೆ ಎತ್ತಿದ. "ಅರೇ ಮಾಸ್ಟರ್ ಸಾಹಬ್, ತೋ ತೀಸರೇ ಕೋ ಗಂಗಾಜೀ ಮೇಂ ಬಹಾ ದೀಜಿಯೇಗಾ ಕಾ?"

ಹಾಗಾದರೆ ಮೂರನೆಯದನ್ನು ಗಂಗೆಗೆ ಬಿಟ್ಟುಬಿಡುತ್ತೀರಾ — ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕರು. ನಾನೂ ನಕ್ಕೆ, ಗಿರಿಜಾ. ಎಲ್ಲರೂ ನಗುವಾಗ ಬಾಯಿ ತಾನಾಗಿ ನಗುತ್ತದೆ. ಆಮೇಲೆ ನನ್ನ ಸರದಿ ಬಂತು. ಏನು ಕೇಳಲು ಬಂದಿದ್ದೆ ಎಂಬುದೇ ಮರೆತುಹೋಗಿತ್ತು.

ಮಠಕ್ಕೆ ಬಂದಾಗ ನೀನು ಅಂಗಳದಲ್ಲಿ ಪೇರಿಸಿಟ್ಟ ಚಾಪೆಗಳ ಮೇಲೆ ಹತ್ತಿ ಕುಳಿತಿದ್ದೆ. ಶಾಂತವ್ವ ಕೆಳಗೆ ನಿಂತು ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. "ಅಪ್ಪಾಜೀ, ದೇಖೋ, ನಾನು ಎತ್ತರ!" ಎಂದೆ. ನಾನು ನೀರು ಕೇಳಿದೆ, ಕುಡಿದೆ. ನಾಳೆ ಹೇಳೋಣ ಎಂದುಕೊಂಡೆ. ಆಯಿತವಾರ ನೀಲವ್ವ ಬರುತ್ತಾಳಲ್ಲ, ಆಗ ಹೇಳೋಣ. ಅವಳು ಬಂದಳು. ನಿನಗೆಂದು ಮನೆಯಲ್ಲೇ ಮಾಡಿದ ಕರದಂಟು ತಂದಿದ್ದಳು. ನಾನು ಕೀಲಿಗಳ ಗೊಂಚಲು ಹಿಡಿದು, ಯಾತ್ರಿಕರು ಬಂದಿದ್ದಾರೆ ಎಂದು ಎದ್ದು ಹೋದೆ. ಯಾವ ಯಾತ್ರಿಕರೂ ಬಂದಿರಲಿಲ್ಲ.

ಇಲ್ಲಿಯವರೆಗೂ ಇದನ್ನು ಹೇಡಿತನ ಅನ್ನಬಹುದೇನೋ. ಇನ್ನು ಮುಂದಿನದಕ್ಕೆ ಬೇರೆ ಹೆಸರು.

ಮಲ್ಲೇಶಪ್ಪನಿಗೂ ಅನುಮಾನ ಬಂದಿತ್ತು. ಒಂದು ದಿನ ಕೆಲಸ ಮುಗಿಸಿ ಸೀದಾ ಇಲ್ಲಿಗೇ ಬಂದ, ಮೈಯೆಲ್ಲ ಗ್ರೀಸಿನ ವಾಸನೆ. ಕುಳಿತುಕೊಳ್ಳಲೂ ಇಲ್ಲ.

"ಅಣ್ಣಾ, ನಮ್ಮ ಸಾಲಿನ್ಯಾಗ ಒಬ್ಬಾಂವ ಅದಾನ, ಅವಂಗ ನಾಲ್ಕು ಮಕ್ಕಳು. ಅವಂಗೂ ಎರಡಕ್ಕ ಬರತೈತಂತ. ಹಂಗಂದ್ರ ನಾವು ಗಿರಿಜಾನ ಇಟ್ಕೊಂಡ್ರೂ ನಡೀತೈತೇನು?"

ಎಂಥ ಸರಳ ಪ್ರಶ್ನೆ. ನಡೀತೈತಿ — ಒಂದೇ ಶಬ್ದದ ಉತ್ತರ. ಅದು ನನಗೆ ಗೊತ್ತಿತ್ತು, ಸ್ಪಷ್ಟವಾಗಿ, ಯಾವ ಗೊಂದಲವೂ ಇಲ್ಲದೆ ಗೊತ್ತಿತ್ತು. ಒಳಗೆ ನೀನು ಶಾಂತವ್ವನಿಗೆ ಹಿಂದಿಯ ಯಾವುದೋ ಪದ್ಯ ಒಪ್ಪಿಸುತ್ತಿದ್ದೆ.

"ಅಂವ ಹಳೇ ನೌಕರ. ಹಳಬರಿಗೆ ಬ್ಯಾರೆ ಕಾಯ್ದೆ" ಎಂದೆ. "ನೀನು ಇಬ್ಬರಂತ ಬರದು ಕೊಟ್ಟೀದಿ. ಈಗ ಮೂರನೇದ್ದನ್ನ ಹೊರಗ ತಗದ್ರ ಸುಳ್ಳು ಹೇಳಿದಂಗ ಆಗತೈತಿ. ನೌಕರಿಗೇ ಸಂಚಕಾರ."

ಅವನು "ಹಂಗ್ಯಾಕ ತ್ರಾಸ ತಗೋಬೇಕು" ಎಂದು ತನಗೆ ತಾನೇ ಹೇಳಿಕೊಂಡು ಹೋದ. ಮತ್ತೆ ಯಾವತ್ತೂ ಕೇಳಲಿಲ್ಲ.

ಮೊದಲನೆಯ ಮಾತು ತಪ್ಪೋ ಕಳವೋ ನನಗೆ ತಿಳಿಯದು. ಎರಡನೆಯದು ತಿಳಿಯುತ್ತದೆ. ಅದು ಸುಳ್ಳು. ಹೆದರಿಸಿ ಹೇಳಿದ ಸುಳ್ಳು.

ಚಾಚಿಯೇ ಹೆತ್ತವಳು ಎಂಬುದನ್ನು ನೀನು ಮರೆತಿರಲಿಲ್ಲ. ನಿನಗೆ ಹನ್ನೊಂದೋ ಹನ್ನೆರಡೋ ಆದಾಗ ನನ್ನನ್ನು ಕೇಳಿದೆ — ಮೂವರಲ್ಲಿ ನನ್ನನ್ನೇ ಯಾಕೆ ಬಿಟ್ಟರು? ಆಗಲಾದರೂ ಹೇಳಬಹುದಿತ್ತು. ಸರ್ಕಾರದ ನಿಯಮ ಮಗಳೇ, ಇಬ್ಬರಿಗೆ ಮಾತ್ರ ಭತ್ಯೆ, ಶಿವುವಿನ ಓದು ನಡೆಯಬೇಕಿತ್ತು, ಎಂದೆ. ಅದರಿಂದ ನೀನು ಏನು ಕಟ್ಟಿಕೊಂಡೆ ಎಂಬುದು ನನಗೆ ನಿನ್ನ ಮದುವೆಯ ದಿನ ಗೊತ್ತಾಯಿತು.

ಅಂದು ನೀಲವ್ವ ಉಡಿ ತುಂಬಲು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಖಣ — ಊರಿನಿಂದ ತರಿಸಿದ ಕುಪ್ಪಸದ ಖಣ. ತಟ್ಟೆ ಹಿಡಿದವನು ನಾನೇ. ನೀನು ಸೆರಗು ಒಡ್ಡಲಿಲ್ಲ.

"ಉಡಿ ತುಂಬೋದು ಅವ್ವ. ನನ್ನ ಅವ್ವ ಅಲ್ಲಿ ಕೂತಾಳ" ಎಂದು ಶಾಂತವ್ವನ ಕಡೆ ತೋರಿಸಿದೆ. ಆಮೇಲೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, "ಭತ್ತೇ ಕೇ ಲಿಯೇ ಬೇಟೀ ಛೋಡ್ ದೀ, ಅಬ್ ಚಾವಲ್ ಲೇಕೇ ಆಯೀ ಹೈಂ" ಅಂದೆ. ಭತ್ಯೆಗಾಗಿ ಮಗಳನ್ನು ಬಿಟ್ಟವರು, ಈಗ ಅಕ್ಕಿ ತಂದಿದ್ದಾರೆ.

ನೀಲವ್ವನಿಗೆ ಅಷ್ಟು ಹಿಂದಿ ಬರುತ್ತಿತ್ತು. ಕೈಯಲ್ಲಿದ್ದ ಅಕ್ಕಿಯನ್ನು ತಟ್ಟೆಗೆ ಮರಳಿ ಹಾಕಿದಳು, ಒಂದು ಕಾಳೂ ಕೆಳಗೆ ಬೀಳದ ಹಾಗೆ. ಮಲ್ಲೇಶಪ್ಪ ನನ್ನ ಕಡೆ ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ — ನೀನಾದರೂ ಹೇಳಣ್ಣ, ನಮಗೆ ಬೇರೆ ದಾರಿ ಇರಲಿಲ್ಲ ಎಂದು ಅವಳಿಗೆ ಹೇಳು, ಎಂಬಂತಿತ್ತು. ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.

ಈಗ ಮಲ್ಲೇಶಪ್ಪ ಇಲ್ಲ. ಅವನನ್ನು ಹರಿಶ್ಚಂದ್ರ ಘಾಟಿಗೆ ಒಯ್ದಾಗ ನೀನು ಮೆಟ್ಟಿಲ ಮೇಲೆ, ದೂರದಲ್ಲಿ, ನೆಂಟರ ಹಾಗೆ ನಿಂತಿದ್ದೆ. ಶಾಂತವ್ವನೂ ಹೋದಳು. ಅವಳಿಗೆ ನಾನು ಏನನ್ನೂ ಹೇಳಿರಲಿಲ್ಲ. ಹೇಳಿದ್ದರೆ ಅದೇ ದಿನ ನಿನ್ನನ್ನು ರಿಕ್ಷಾದಲ್ಲಿ ಕೂರಿಸಿ ಕ್ವಾರ್ಟರ್ಸಿಗೆ ಬಿಟ್ಟು ಬರುತ್ತಿದ್ದಳು — ಅಥವಾ ಬರುತ್ತಿರಲಿಲ್ಲವೇನೋ. ಅದೂ ನನಗೆ ಗೊತ್ತಿಲ್ಲ. ಶಿವು ಓದಿದ, ಕುಳಿತು ಮಾಡುವ ಕೆಲಸ ಹಿಡಿದ, ಊರ ಕಡೆ ಹೋಗಿ ನೆಲೆಸಿದ. ತಾಯಿಯನ್ನು ಕರೆದ. ಅವಳು ಹೋಗಲಿಲ್ಲ. ಕಾಶೀವಾಸಕ್ಕೆಂದು ಮಠದ ಅದೇ ಹಿಂದಿನ ಸಾಲಿನಲ್ಲಿ ಕೋಣೆ ಕೇಳಿಕೊಂಡು ಬಂದಳು. ಇಲ್ಲಿ ಸಾಯುವುದಕ್ಕೆ ಬಂದವರೆಲ್ಲ ಮುಕ್ತಿಯ ಮಾತಾಡುತ್ತಾರೆ. ನೀಲವ್ವ ನನಗೆ ಬೇರೆಯದನ್ನೇ ಹೇಳಿದಳು: "ಇಲ್ಲಿದ್ರ ಗಿರಿಜಾನ ಗಂಡನ ಮನಿ, ಸಾರನಾಥ, ಆಟೋದಾಗ ಹೋಗೂವಷ್ಟು ದೂರ ರೀ ಅಣ್ಣಾ. ಆಕಿ ಕರದ್ರ ಅದ ದಿನಾನ ಹೋಗಬಹುದು." ಇಷ್ಟು ವರ್ಷಗಳಲ್ಲಿ ನೀನು ಕರೆದಿಲ್ಲ.

ನಿನ್ನೆ ಅವಳಿಗೆ ಹೇಳಿದೆ. ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕುಳಿತೆ, ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಬಾಬು ಆಡಿದ ಗಂಗೆಯ ಮಾತನ್ನೂ ಬಿಡಲಿಲ್ಲ. ಅವಳ ಬೆರಳು ಮೊರದ ಮೇಲೆ ನಿಂತಿತು.

"ಅದಾದ ಮ್ಯಾಲಿನ ಆಯಿತವಾರ ನಾ ಬಂದಿದ್ನಲ್ಲ. ಕರದಂಟು ತಂದಿದ್ದೆ. ಆವಾಗ ನಿಮಗ ಗೊತ್ತಿತ್ತು?"

"ಗೊತ್ತಿತ್ತವ್ವಾ."

ನಾನು ಕ್ಷಮೆ ಕೇಳಬೇಕೆಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವಳು ಮೊರ ಎತ್ತಿಕೊಂಡು ಎದ್ದಳು.

"ನನಗ ಹೇಳಿ ಏನಾಗಬೇಕೈತಿ? ಆಕಿಗೆ ಹೇಳ್ರಿ. ಆಕಿ ಸೆರಗು ಒಡ್ಡಲಿಲ್ಲ — ಆವತ್ತಿನಿಂದ ಆಕಿಗೂ ಉರೀತಿರತೈತಿ. ಆಕಿಗೆ ಹೇಳ್ರಿ." ಆಮೇಲೆ ಬಾಗಿಲು ಮುಚ್ಚುತ್ತ, "ನನ್ನ ಮುಂದ ಮತ್ತ ಬಂದು ಕೂಡಬ್ಯಾಡ್ರಿ" ಎಂದಳು.

ಅದಕ್ಕಾಗಿ ಬರೆದೆ. ಕ್ಷಮಿಸು ಎಂದು ಬರೆಯುವುದಿಲ್ಲ. ನಿನ್ನಿಂದ ಇಷ್ಟು ತೆಗೆದುಕೊಂಡ ಮೇಲೆ ಅದನ್ನೂ ಕೇಳುವುದು ಹೇಗೆ? ನೀನು ಬಂದರೆ ನನ್ನ ಕೋಣೆಯ ಕಡೆ ಬರಬೇಡ. ಹಿಂದಿನ ಸಾಲಿಗೆ ಹೋಗು, ಬಾವಿಯ ಪಕ್ಕದ ಬಾಗಿಲು. ಆ ಹಸಿರು ಖಣ ಇನ್ನೂ ಅವಳ ಟ್ರಂಕಿನಲ್ಲಿದೆ, ಬಿಸಿಲಿಗೆ ಹರವಿದಾಗ ನೋಡಿದ್ದೇನೆ. ಗಂಡನನ್ನೂ ಮೂವರು ಮಕ್ಕಳನ್ನೂ ಕರೆದುಕೊಂಡು ಬಾ. ನಿನ್ನ ಮೂರನೆಯದು ಈಗ ನಡೆಯುತ್ತದಂತೆ.

ಕೋಣೆ ಕೊಡುವ ಕೆಲಸ ಈಗ ನನ್ನದಲ್ಲ, ನಾಲ್ಕರ ಕಟ್ಟಳೆ ಮಾತ್ರ ಹಾಗೇ ಇದೆ. ಇವತ್ತು ಬೆಳಿಗ್ಗೆ ಕಚೇರಿಗೆ ಹೋಗಿ, ಸಾರನಾಥದಿಂದ ಐದು ಜನ ಬರಬಹುದು ಎಂದೆ. ಹೊಸದಾಗಿ ಬಂದಿರುವವನು ತಲೆ ಕೆರೆದುಕೊಂಡ, ಐದು ಜನಕ್ಕೆ ಹೇಗೆ ಎಂದ. ನಾನೇ ಒಳಗೆ ಹೋಗಿ, ಪೇರಿಸಿಟ್ಟಲ್ಲಿಂದ ಒಂದು ಚಾಪೆ ಹೆಚ್ಚು ಎಳೆದು, ಕಂಕುಳಲ್ಲಿ ಹಿಡಿದುಕೊಂಡು ಹೋಗಿ ನೀಲವ್ವನ ಬಾಗಿಲ ಹೊರಗೆ ಗೋಡೆಗೆ ಒರಗಿಸಿ ಬಂದೆ. ಬಾಗಿಲು ಬಡಿಯಲಿಲ್ಲ.